ನಿಮ್ಮ ರೂಬೆನ್ಸ್ ಲೇಖನ ಯಾಕೆ ವಾಪಸ್ ಬಂತು ಅಂದರೆ

ನಮಸ್ಕಾರ. ಚಿತ್ರಕಾರ ರೂಬೆನ್ಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈ ಬಿಡಬೇಡಿ, ವಿಷಯ ತುಂಬಾ ಚೆನ್ನಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಫ್ರಾನ್ಸಿನ ರಾಣಿ ಮರೀ ದ ಮೆಡಿಚಿ ತನ್ನ ಬದುಕಿನ ಕಥೆಯನ್ನು ಪ್ಯಾರಿಸ್ಸಿನ ಅರಮನೆಗೆಂದು 24 ಚಿತ್ರಗಳಲ್ಲಿ ಬರೆಸಿಕೊಂಡಳು, 1622ರಿಂದ 1625ರವರೆಗೆ ರೂಬೆನ್ಸ್ ಆ ಕೆಲಸ ಮಾಡಿದ. ಇಷ್ಟನ್ನು ಸರಿಯಾಗಿ ಹೇಳಿದ್ದೀರಿ. ಆಮೇಲೆ ಆ ಚಿತ್ರಗಳಲ್ಲಿರುವ ರೋಮನ್ ದೇವರುಗಳ ಗುರುತುಗಳ ಬರೀ ಪಟ್ಟಿ. ನವಿಲು ಅಂದರೆ ಜೂನೋ, ಹದ್ದು ಅಂದರೆ ಜುಪಿಟರ್, ತ್ರಿಶೂಲ ಅಂದರೆ ನೆಪ್ಚೂನ್. ಇದು ನಿಘಂಟಾಯಿತು. ಇಷ್ಟೊಂದು ದೇವರುಗಳು ಆಕೆಗೆ ಯಾಕೆ ಬೇಕಾದರು ಅಂತ ಒಂದು ಕಡೆಯೂ ಕೇಳಿಲ್ಲ, ಅಲ್ವಾ?

ರಾಣಿ ಫ್ರಾನ್ಸಿಗೆ ಬಂದಿಳಿಯುವ ಮಾರ್ಸೇ ಬಂದರಿನ ಚಿತ್ರವನ್ನೇ ನೋಡಿ. 'ರಾಜನು ರಾಣಿಯನ್ನು ಸಂಭ್ರಮದಿಂದ ಎದುರುಗೊಂಡ' ಅಂತ ಬರೆದಿದ್ದೀರಿ. ತಪ್ಪು. ಆ ಚಿತ್ರದಲ್ಲಿ ರಾಜ ಇಲ್ಲವೇ ಇಲ್ಲ. ಕೆಳಗೆ ನೀರಿನಲ್ಲಿ ಮೈ ತಿರುಚಿಕೊಂಡ ಜಲಕನ್ಯೆಯರಿದ್ದಾರೆ, ಅವರ ಮೈಮೇಲಿನ ನೀರ ಹನಿಗಳನ್ನೂ ಬಿಡದೆ ರೂಬೆನ್ಸ್ ಬರೆದಿದ್ದಾನೆ. ಮೇಲೆ ಕೀರ್ತಿದೇವತೆ ಕಹಳೆ ಊದುತ್ತಿದ್ದಾಳೆ. ಕೈ ಚಾಚಿ ಸ್ವಾಗತಿಸುತ್ತಿರುವವಳು ನೀಲಿ ಮೇಲಂಗಿ ತೊಟ್ಟ 'ಫ್ರಾನ್ಸ್', ಅಂದರೆ ಹೆಣ್ಣಿನ ರೂಪದಲ್ಲಿ ಬರೆದ ದೇಶ. 1600ರ ನವೆಂಬರ್‌ನಲ್ಲಿ ರಾಣಿ ಅಲ್ಲಿ ಬಂದಿಳಿದಾಗ ಗಂಡ ನಾಲ್ಕನೇ ಹೆನ್ರಿ ಬಂದೇ ಇರಲಿಲ್ಲ, ಇಬ್ಬರೂ ಮುಖ ನೋಡಿದ್ದು ಆಮೇಲೆ, ಲಿಯೋನಿನಲ್ಲಿ. ಫ್ಲಾರೆನ್ಸಿನಲ್ಲಿ ಮದುವೆ ನಡೆದಾಗಲೂ ಅವನ ಜಾಗದಲ್ಲಿ ನಿಂತದ್ದು ಹುಡುಗಿಯ ಚಿಕ್ಕಪ್ಪ. ಆ ಮದುವೆಗೆ 23 ವರ್ಷದ ರೂಬೆನ್ಸ್ ಖುದ್ದು ಹೋಗಿದ್ದ! ಅವನಿಗೆ ಎಲ್ಲ ಗೊತ್ತಿತ್ತು. ಗಂಡನಿಲ್ಲದ ಆ ಖಾಲಿ ಜಾಗವನ್ನು ಅವನು ದೇವತೆಗಳಿಂದ ತುಂಬಿದ. ನಿಮ್ಮ ಲೇಖನ ಇರುವುದು ಇಲ್ಲಿ.

ಮುಂದೆ 1610ರಲ್ಲಿ ಹೆನ್ರಿಯ ಕೊಲೆಯಾಯಿತು. ಎಳೆ ಮಗನ ಪರವಾಗಿ ಆಕೆ ರಾಜ್ಯ ಆಳಿದಳು, 1617ರಲ್ಲಿ ಅದೇ ಮಗ ತಾಯಿಯನ್ನು ಪ್ಯಾರಿಸ್ಸಿನಿಂದ ಬ್ಲುವಾ ಎಂಬ ಊರಿಗೆ ಅಟ್ಟಿದ. ಚಿತ್ರ ಬರೆಸುವ ಹೊತ್ತಿಗೆ ರಾಜಿ ಆಗಿತ್ತು, ಆದರೆ ಅಧಿಕಾರ ಮಗನ ಕೈಯಲ್ಲೇ ಇತ್ತು. ನಡೆದದ್ದನ್ನು ನಡೆದ ಹಾಗೇ ತೋರಿಸಿದರೆ ಅವನಿಗೆ ಸಿಟ್ಟು. ಆಕೆ ಪ್ಯಾರಿಸ್ ಬಿಟ್ಟು ಹೊರಡುವ ಚಿತ್ರವನ್ನು ರೂಬೆನ್ಸ್ ಬರೆದೂ ಆಗಿತ್ತು, ಅದನ್ನು ಬೇಡ ಅಂತ ತೆಗೆಸಿದರು. ಅದರ ಬದಲು ಬಂದ ಚಿತ್ರದಲ್ಲಿ ರಾಣಿ ತಕ್ಕಡಿ ಹಿಡಿದು ಸಿಂಹಾಸನದ ಮೇಲೆ ಕೂತಿದ್ದಾಳೆ. ಇಂಥ ಸಂಗತಿ ಬಿಟ್ಟು ಸುಮ್ನೆ ನವಿಲಿನ ಅರ್ಥ ಹೇಳುತ್ತಾ ಕೂರಬಾರದು.

'ಮನಸೂರೆಗೊಳ್ಳುವ' ಅನ್ನುವ ಪದ ಐದು ಸಲ ಬಂದಿದೆ, ಐದೂ ತೆಗೆಯಿರಿ.

ಒಂದು ಸಾಲು ಮಾತ್ರ ನನಗೆ ತುಂಬಾ ಹಿಡಿಸಿತು. 'ಜಲಕನ್ಯೆಯರನ್ನು ನೋಡಿ ಮುಗಿಸಿದ ಮೇಲೆಯೇ ಕಣ್ಣು ರಾಣಿಯ ಕಡೆ ಹೋಗುತ್ತದೆ' ಅಂತ ಏಳನೇ ಪ್ಯಾರಾದಲ್ಲಿ ಬರೆದಿದ್ದೀರಲ್ಲ, ಅದು ಎಲ್ಲಿಂದಲೂ ತಂದದ್ದಲ್ಲ, ನೀವೇ ಕಂಡದ್ದು. ಅಲ್ಲಿಂದ ಶುರು ಮಾಡಿ. ಬರೆದ ಮೇಲೆ ಕಳಿಸಿ, ಕಾಯುತ್ತಿರುತ್ತೇನೆ.