ಹಾಲು, ಚಪಾತಿ ಬಿಡಿಸಿದರೆ ಮಗುವಿನ ಬಾವು ಇಳಿಯುತ್ತದೆಯೇ?

ಜಮಖಂಡಿಯ ತಾಯಿಯೊಬ್ಬರು ಬರೆದಿದ್ದಾರೆ: ಐದು ವರ್ಷದ ಮಗನಿಗೆ ನೆಫ್ರೋಟಿಕ್ ಸಿಂಡ್ರೋಮ್. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ ಸರಿಯಿದೆ, ಆದರೆ ಎರಡನೇ ಸಲ ಮುಖ, ಕಾಲು ಬಾತಿವೆ. ಹಾಲು, ಗೋಧಿ ಬಿಡಿಸಿದರೆ ಸ್ಟಿರಾಯ್ಡ್ ಗುಳಿಗೆಯೇ ಬೇಡ ಎಂದು ಮೊಬೈಲ್ ವಿಡಿಯೊದಲ್ಲಿ ಹೇಳುತ್ತಾರೆ, ನಿಜವೇ? ಡಯಾಲಿಸಿಸ್ ಮಾಡಿಸಿಕೊಳ್ಳುವ ಮಾವನವರ ಪಥ್ಯದ ಚೀಟಿ ಮಗನಿಗೂ ಆಗುತ್ತದೆಯೇ?

ತಂಗಿ, ಮೊದಲು ಗುಳಿಗೆಯ ಮಾತು. ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಈ ಕಾಯಿಲೆಯಲ್ಲಿ ಕಿಡ್ನಿಯ ಜರಡಿ ಸಡಿಲಾಗಿ ರಕ್ತದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ. 100 ಮಕ್ಕಳಲ್ಲಿ ಸುಮಾರು 80 ಮಕ್ಕಳಿಗೆ ಸ್ಟಿರಾಯ್ಡ್ ಗುಳಿಗೆಯಾದ ಪ್ರೆಡ್ನಿಸೋಲೋನ್‌ನಿಂದ ಈ ಸೋರಿಕೆ ನಿಲ್ಲುತ್ತದೆ, ಹೆಚ್ಚಿನವರಿಗೆ ನಾಲ್ಕು ವಾರದೊಳಗೇ. ಮತ್ತೆ ಮತ್ತೆ ಬರುವುದು ಈ ಕಾಯಿಲೆಯ ಗುಣ, ನಿಮ್ಮ ಅಡುಗೆಯ ತಪ್ಪಲ್ಲ. ವಾರಗಟ್ಟಲೆ ನುಂಗಿದ ಗುಳಿಗೆಯನ್ನು ದಿಢೀರನೆ ಬಿಟ್ಟರೆ ಜೀವಕ್ಕೂ ಅಪಾಯ.

ಹಾಲು-ಗೋಧಿಯ ಮಾತು ಪೂರ್ತಿ ಕಟ್ಟುಕಥೆಯೂ ಅಲ್ಲ. 1970ರ ದಶಕದಿಂದಲೇ ಕೆಲ ವೈದ್ಯರು ಹಾಲು ಬಿಡಿಸಿ ನೋಡಿದ್ದಾರೆ, ಕೆಲ ಮಕ್ಕಳಲ್ಲಿ ಸೋರಿಕೆ ಕಡಿಮೆಯೂ ಆಗಿದೆ. ಆದರೆ ಅವರ ಸಂಖ್ಯೆ ತೀರಾ ಕಡಿಮೆ. ಮೇಲಾಗಿ ಈ ಕಾಯಿಲೆ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಇಳಿದದ್ದು ಪಥ್ಯದಿಂದಲೇ ಅಂತ ಹೇಗೆ ಹೇಳುವುದು? ಗೋಧಿ ಬಿಡುವುದು ನಮ್ಮ ಕಡೆ ದೊಡ್ಡ ಮಾತಲ್ಲ ಬಿಡಿ, ಜೋಳ, ಸಜ್ಜೆಯಲ್ಲಿ ಗೋಧಿಯ ಪ್ರೋಟೀನ್ ಆದ ಗ್ಲುಟೆನ್ ಇಲ್ಲವೇ ಇಲ್ಲ. ನನ್ನ ತಕರಾರು ಹಾಲಿನದು. ಸ್ಟಿರಾಯ್ಡ್ ಎಲುಬಿನ ಗಟ್ಟಿತನ ಕಡಿಮೆ ಮಾಡುತ್ತದೆ. ಕ್ಯಾಲ್ಸಿಯಂ ಬೇಕಾದ ಹೊತ್ತಿನಲ್ಲೇ ಹಾಲು, ಮೊಸರು ಕಿತ್ತುಕೊಳ್ಳುವುದೇ? ಮಾಡಿ ನೋಡಲೇಬೇಕು ಅನಿಸಿದರೆ ಮಕ್ಕಳ ವೈದ್ಯರಿಗೆ ಹೇಳಿ, ಗುಳಿಗೆ ನಡೆಯುತ್ತಿರುವಾಗಲೇ ಮಾಡಿ.

ಊಟದಲ್ಲಿ ನಿಮ್ಮ ಕೈಲಿರುವುದು ಉಪ್ಪು. ಬಾವು ಇರುವಷ್ಟು ದಿನ ಅದನ್ನು ಬಿಗಿ ಹಿಡಿಯಿರಿ. ನಮ್ಮ ರೊಟ್ಟಿಗೆ ಉಪ್ಪು ಬೀಳುವುದೇ ಕಡಿಮೆ. ಅದು ಅಡಗಿರುವುದು ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ-ಚುರುಮುರಿ, ಅಂಗಡಿಯ ಚಿಪ್ಸ್‌ನಲ್ಲಿ. ಪಲ್ಯಕ್ಕೆ ಉಪ್ಪು ಹಾಕುವ ಮೊದಲೇ ಮಗನ ಪಾಲು ತೆಗೆದಿಡಿ. ನಿಂಬೆರಸ, ಜೀರಿಗೆ ರುಚಿ ಕೊಡುತ್ತವೆ. ಸೈಂಧವ ಲವಣವೂ ಉಪ್ಪೇ, ಅದರಲ್ಲಿ ರಿಯಾಯಿತಿ ಇಲ್ಲ. ಗುಳಿಗೆಯಿಂದ ಹಸಿವು ಜಾಸ್ತಿಯಾಗುತ್ತದೆ, ಆಗ ಕುಂದಾ, ಕರದಂಟಿನ ಡಬ್ಬಿ ಕೈಗೆ ಎಟುಕದ ಹಾಗೆ ಇಡಿ.

ಮಾವನವರ ಚೀಟಿ ಬೇಡವೇ ಬೇಡ. ಕಿಡ್ನಿ ಸೋತವರ ಮೈಯಲ್ಲಿ ಪೊಟ್ಯಾಸಿಯಂ, ರಂಜಕ ಉಳಿದುಬಿಡುತ್ತವೆ, ಅದಕ್ಕೇ ಅವರಿಗೆ ಬಾಳೆಹಣ್ಣು, ಟೊಮೆಟೊ ತಡೆ. ನಿಮ್ಮ ಮಗನ ಕ್ರಿಯಾಟಿನಿನ್ ಸರಿಯಿದೆ, ಅವನದು ಬೇರೆ ಲೆಕ್ಕ. ಬೇಳೆ, ಮೊಟ್ಟೆ ಬಿಡಿಸಬೇಡಿ. ಸೋರಿದ್ದನ್ನು ತುಂಬಿಸಲು ಪ್ರೋಟೀನ್ ಪೌಡರ್ ಸುರಿಯುವುದೂ ಬೇಡ.

ಬೆಳಗಿನ ಮೂತ್ರವನ್ನು ಮನೆಯಲ್ಲೇ, ಪ್ರೋಟೀನ್ ಇದ್ದರೆ ಬಣ್ಣ ಬದಲಿಸುವ ಪಟ್ಟಿಯಾದ ಡಿಪ್‌ಸ್ಟಿಕ್‌ನಿಂದ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸತತ ಮೂರು ದಿನ 3+ (ಪ್ರೋಟೀನ್ ತುಂಬಾ ಸೋರುತ್ತಿದೆ ಎಂಬ ಗುರುತು) ಬಂದರೆ ವೈದ್ಯರಿಗೆ ತಿಳಿಸಿ. ಬಾವಿನ ಜೊತೆ ಜ್ವರ ಅಥವಾ ಹೊಟ್ಟೆನೋವು ಬಂದರೆ ಮಾತ್ರ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

– ಸಂ.