ಪ್ರತಿಕ್ರಿಯೆ: ಮಾಹೆ ಕೇರಳದೊಳಗಿದ್ದೂ ಪುದುಚೇರಿಗೆ ಸೇರಿದ್ದು ಹೇಗೆ?

ಪುದುಚೇರಿಗೆ ಸೇರಿದ ಊರು ಅಂದಮೇಲೆ ಮಾಹೆಯಲ್ಲಿ ತಮಿಳು ಮಾತಾಡ್ತಾರಾ ಅಂತ ಕೇಳಿದ್ದೀರಿ. ಇಲ್ಲ, ಅಲ್ಲಿನ ಜನರ ಮಾತು ಮಲಯಾಳ. ಊರನ್ನು ಅವರು ಮಯ್ಯಳಿ ಅನ್ನುತ್ತಾರೆ.

ಕೇರಳದೊಳಗಿದ್ದೂ ಮಾಹೆ ಪುದುಚೇರಿಗೆ ಸೇರಿರೋದಕ್ಕೆ ಕಾರಣ ಫ್ರೆಂಚರು. 1720ರ ದಶಕದಲ್ಲಿ ಇಲ್ಲಿ ನೆಲೆಯೂರಿದರು, ಮೆಣಸಿನ ವ್ಯಾಪಾರಕ್ಕಾಗಿ. ಪಕ್ಕದ ತಲಶ್ಶೇರಿ ಇಂಗ್ಲಿಷರದು, ಹಾಗಾಗಿ ಜಗಳ ತಪ್ಪಲಿಲ್ಲ. 1954ರಲ್ಲಿ ಫ್ರೆಂಚರು ಹೊರಟರು. ಅವರ ಕೈಲಿದ್ದ ಪುದುಚೇರಿ, ಕಾರೈಕಲ್, ಯಾನಂ, ಮಾಹೆ ನಾಲ್ಕೂ ಒಂದೇ ಆಡಳಿತದಲ್ಲಿ ಉಳಿದವು. ಅದಕ್ಕೇ 600 ಕಿಲೋಮೀಟರಿಗೂ ಜಾಸ್ತಿ ದೂರದ ಪುದುಚೇರಿ ಇವರ ರಾಜಧಾನಿ!

ಇಡೀ ಮಾಹೆ ಸುಮಾರು 9 ಚದರ ಕಿಲೋಮೀಟರ್ ಅಷ್ಟೆ. ಅದೂ ಒಂದೇ ತುಂಡಲ್ಲ. ಪೇಟೆ ಇರೋದು ಮಾಹೆ ಹೊಳೆಯ ದಕ್ಷಿಣ ದಡದಲ್ಲಿ, ಅದಕ್ಕೇ ಸೇರಿದ ಪಳ್ಳೂರು, ಪಂದಕ್ಕಲ್ ಹೊಳೆಯಾಚೆ. ನಡುವೆ ಕೇರಳದ ನೆಲ. ಮಾಹೆ ಅಂತ ಬೋರ್ಡು ಇರುವ ರೈಲು ನಿಲ್ದಾಣವೂ ಕೇರಳದ ಅಳಿಯೂರಿನಲ್ಲಿದೆ. ಮಂಗಳೂರಿನಿಂದ ರೈಲಲ್ಲಿ ಹೋಗಿ ಅಲ್ಲಿ ಇಳಿದರೆ ಗಾಬರಿಯಾಗಬೇಡಿ.

ಗಡಿ ದಾಟಿದ್ದು ಗೊತ್ತಾಗೋದು ಸಾಲಾಗಿ ನಿಂತ ಮದ್ಯದಂಗಡಿ, ಪೆಟ್ರೋಲ್ ಬಂಕುಗಳಿಂದ. ತೆರಿಗೆ ಕಡಿಮೆ. ಆದರೆ ಮಾಹೆ ಅಂದ್ರೆ ಸುಮ್ನೆ ಅಷ್ಟೇ ಅಂದುಕೊಳ್ಳೋದು ನನಗೆ ಬೇಸರ. ಅಕ್ಟೋಬರಿನಲ್ಲಿ ಸಂತ ತೆರೇಸಾ ಚರ್ಚಿನ ಹಬ್ಬಕ್ಕೆ ಹೋಗಿ ನೋಡಿ. ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಹೂಮಾಲೆ, ಮೇಣದಬತ್ತಿ ಹಿಡಿದು ಬರುತ್ತಾರೆ. ಸಂಜೆ ಹೊಳೆ ಸಮುದ್ರ ಸೇರುವ ಕಡೆ ನಡೆದು ಹೋಗಿ, ಮೀನಿನ ದೋಣಿಗಳು ಕಾಣುತ್ತವೆ. ನನಗೆ ಆ ಊರಲ್ಲಿ ತುಂಬಾ ಇಷ್ಟವಾದ ಜಾಗ ಅದು.