ರೇಗಿಸುವ ಜಾಹೀರಾತು, ಆದರೂ ಕೈ ಅತ್ತಲೇ!

ಪ್ರಶ್ನೆ: ಒಂದೇ ಸೋಪಿನ ಜಾಹೀರಾತನ್ನು ದಿನಕ್ಕೆ ಹತ್ತು ಸಲ ನೋಡಿ ರೋಸಿಹೋಗಿದ್ದೇನೆ. ಆದರೂ ಅಂಗಡಿಯಲ್ಲಿ ನನ್ನ ಕೈ ಅದೇ ಸೋಪಿನತ್ತ ಹೋಗುತ್ತದೆ. ಇದೇಕೆ?

ಉತ್ತರ: ಪರಿಚಿತವಾದದ್ದನ್ನು ಮನಸ್ಸು ಬೇಗ ಒಪ್ಪಿಕೊಳ್ಳುತ್ತದೆ. ಒಂದು ವಸ್ತು ಪದೇ ಪದೇ ಕಣ್ಣಿಗೆ ಬೀಳುತ್ತಿದ್ದರೆ, ಅದರ ಬಗ್ಗೆ ಹೊಸದೇನೂ ತಿಳಿಯದಿದ್ದರೂ ಅದರ ಮೇಲೆ ಒಲವು ಬೆಳೆಯಬಲ್ಲದು ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು. ಅವರು ಬಳಸಿದ ಪದಗಳಿಗೆ ಅರ್ಥವೇ ಇರಲಿಲ್ಲ. ಆದರೆ ಈ ಒಲವಿಗೂ ಮಿತಿಯುಂಟು, ಅತಿಯಾದರೆ ಅದು ಬೇಸರಕ್ಕೆ ತಿರುಗುತ್ತದೆ.

ನನ್ನ ಮಟ್ಟಿಗೆ, ಪುನರಾವರ್ತನೆಗಿಂತ ಖಚಿತವಾದ ಒಂದು ವಿವರ ಹೆಚ್ಚು ಕೆಲಸ ಮಾಡುತ್ತದೆ. ಗಂಟೆಗೆ 60 ಮೈಲಿ ವೇಗದಲ್ಲಿ ಕಾರಿನೊಳಗೆ ಅತಿ ಹೆಚ್ಚು ಸದ್ದು ಮಾಡುವುದು ಅದರ ವಿದ್ಯುತ್ ಗಡಿಯಾರ ಎಂದು ಜಾಹೀರಾತು ಬರಹಗಾರ ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್ ಕಾರಿನ ಜಾಹೀರಾತಿನ ತಲೆಬರಹದಲ್ಲಿ ಹೇಳಿದಾಗ, ಅಲ್ಲಿ ‘ನಿಶ್ಶಬ್ದ’ ಎಂಬ ಮಾತೇ ಬೇಕಾಗಲಿಲ್ಲ.

ನಿಜವಾಗಿ ದೂರ ತಳ್ಳುವುದು ಮೋಸದ ವಾಸನೆ. ಮೊಬೈಲಿನ ಪರದೆಯನ್ನೆಲ್ಲ ಆವರಿಸಿ, ಮುಚ್ಚುವ ಗುರುತನ್ನು ಸಾಸಿವೆಯಷ್ಟು ಚಿಕ್ಕದಾಗಿ ಮೂಲೆಯಲ್ಲಿ ಅಡಗಿಸಿಡುವ ಜಾಹೀರಾತಿನ ಮೇಲೆ ಬೆರಳು ತಪ್ಪಿ ಬಿದ್ದರೆ, ಅದನ್ನು ಆಸಕ್ತಿಯೆಂದೇ ಲೆಕ್ಕ ಹಾಕಲಾಗುತ್ತದೆ. ಒತ್ತಿದವರಿಗೆ ಉಳಿಯುವುದು ಸಿಟ್ಟು ಮಾತ್ರ.